ಒಡೆಯದ ಬಾಕ್ಸ್‌ಗಳಿಂದ ಸಂಗ್ರಹ ಕಟ್ಟಬಹುದೇ?

ಓದುಗರ ಪ್ರಶ್ನೆ, ನಮ್ಮ ಉತ್ತರ: ಬೇಸ್‌ಬಾಲ್ ಕಾರ್ಡ್‌ಗಳು

ಪ್ರಶ್ನೆ: ನಾನು ದಾವಣಗೆರೆಯವನು. ಹದಿನಾಲ್ಕು ವರ್ಷಗಳಿಂದ ನ್ಯೂಜೆರ್ಸಿಯಲ್ಲಿ ಸಂಸಾರ ಹೂಡಿದ್ದೇನೆ. ಹನ್ನೊಂದು ವರ್ಷದ ಮಗಳು ಸಾಫ್ಟ್‌ಬಾಲ್ ಆಡುತ್ತಾಳೆ; ಈಚೆಗೆ ಬೇಸ್‌ಬಾಲ್ ಕಾರ್ಡ್ ಕೂಡಿಸುವ ಆಸೆ ಅವಳಿಗೆ ಹತ್ತಿದೆ. ಬಾಲ್ಯದಲ್ಲಿ ಬಬಲ್‌ಗಮ್ ಜೊತೆ ಬರುತ್ತಿದ್ದ ಕ್ರಿಕೆಟಿಗರ ಚಿತ್ರಗಳನ್ನು ನಾನೂ ಬೆಂಕಿಪೊಟ್ಟಣದಲ್ಲಿ ಜೋಡಿಸಿಟ್ಟಿದ್ದವನಾದ್ದರಿಂದ ಅವಳ ಸಂತೋಷ ನನಗೆ ಅರ್ಥವಾಗುತ್ತದೆ. ಟಾಪ್ಸ್ ಕಂಪನಿಯ 1987ರ ಕಾರ್ಡ್‌ಗಳ ಹಳೆಯ ಬಾಕ್ಸ್ ಒಂದನ್ನೂ, ಕಾರ್ಡ್ ಅಂಗಡಿಗಳಿಗೆಂದೇ ಬರುವ ಇತ್ತೀಚಿನ ಹಾಬಿ ಬಾಕ್ಸ್ ಒಂದನ್ನೂ ಕೊಳ್ಳಬೇಕೆಂದಿದ್ದೇನೆ. ಇವುಗಳಿಂದ ಪೂರ್ತಿ ಸೆಟ್ ಮಾಡಿಕೊಳ್ಳಬಹುದೇ? ಇನ್ನೊಂದೆರಡು ಬಾಕ್ಸ್‌ಗಳನ್ನು ಒಡೆಯದೆ ಹಾಗೆಯೇ ಇಟ್ಟರೆ ಅವಳ ಕಾಲೇಜಿನ ವೇಳೆಗೆ ಒಳ್ಳೆಯ ಬೆಲೆ ಬಂದೀತೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಆಸೆಗಳು ಸೇರಿಕೊಂಡಿವೆ. ಸಂಗ್ರಹ ಕಟ್ಟುವುದು ಒಂದು, ಹಣ ಬೆಳೆಸುವುದು ಇನ್ನೊಂದು. ಒಂದೇ ಬಾಕ್ಸಿನಿಂದ ಎರಡನ್ನೂ ಬಯಸಿದವರು ಸಾಮಾನ್ಯವಾಗಿ ಎರಡನ್ನೂ ಕಳೆದುಕೊಳ್ಳುವುದನ್ನು ಕಂಡಿರುವುದರಿಂದ ನಾನು ಅವುಗಳನ್ನು ಬಿಡಿಸಿಯೇ ಉತ್ತರಿಸುತ್ತೇನೆ.

ಮೊದಲು ಸೆಟ್‌ನ ಲೆಕ್ಕ. ಸೆಟ್ ಎಂದರೆ ಕಂಪನಿ ಒಂದು ಸಲ ಹೊರತಂದ ಕಾರ್ಡ್‌ಗಳಲ್ಲಿ ಪ್ರತಿಯೊಂದರದೂ ಒಂದೊಂದು ಸೇರಿದ್ದು. 1987ರ ಟಾಪ್ಸ್ ಸೆಟ್‌ನಲ್ಲಿ 792 ಕಾರ್ಡ್‌ಗಳಿವೆ. ಮರದ ಹಲಗೆಯ ಬಣ್ಣದ ಅಂಚುಳ್ಳ ಆ ಕಾರ್ಡ್‌ಗಳನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಅಂದಿನ ಮೇಣದ ಕಾಗದದ ಒಂದು ಪ್ಯಾಕ್‌ನಲ್ಲಿ 17 ಕಾರ್ಡ್, ಜೊತೆಗೆ ಒಂದು ಚೂರು ಗಮ್ ಇರುತ್ತಿತ್ತು. ಒಂದು ಬಾಕ್ಸ್‌ನಲ್ಲಿ 36 ಪ್ಯಾಕ್. ಅಂದರೆ ಬಾಕ್ಸ್ ಒಂದಕ್ಕೆ 612 ಕಾರ್ಡ್. 792ರಲ್ಲಿ 612 ಸಿಕ್ಕಿಬಿಟ್ಟರೆ ಉಳಿದದ್ದು 180 ತಾನೇ ಎಂದು ಅನ್ನಿಸುವುದು ಸಹಜ, ಆದರೆ ಒಂದೇ ಕಾರ್ಡ್ ಮತ್ತೆ ಮತ್ತೆ ಬರುತ್ತದೆ. ಕಾರ್ಡ್‌ಗಳು ಚೆನ್ನಾಗಿ ಕಲೆಸಿ ಪ್ಯಾಕ್ ಆಗಿವೆ ಎಂದು ಹಿಡಿದು ಲೆಕ್ಕ ಹಾಕಿದರೆ, 612 ಕಾರ್ಡ್‌ಗಳಲ್ಲಿ ಬೇರೆ ಬೇರೆ ಎನ್ನಬಹುದಾದವು ಸುಮಾರು 425 ಮಾತ್ರ. ಎರಡನೆಯ ಬಾಕ್ಸ್ ಒಡೆದರೆ 620ರ ಆಸುಪಾಸಿಗೆ ಬರುತ್ತೀರಿ. ಅಲ್ಲಿಂದ ಮುಂದೆ ಪ್ರತಿಯೊಂದು ಬಾಕ್ಸ್ ಕೊಡುವ ಹೊಸ ಕಾರ್ಡ್‌ಗಳ ಸಂಖ್ಯೆ ಕುಸಿಯುತ್ತ ಹೋಗಿ, ಕೊನೆಯ ಒಂದೇ ಒಂದು ಕಾರ್ಡ್‌ಗಾಗಿ ಬಾಕ್ಸ್‌ಗಟ್ಟಲೆ ಒಡೆಯಬೇಕಾಗುತ್ತದೆ. ಬರೀ ಪ್ಯಾಕ್‌ಗಳನ್ನೇ ನಂಬಿ 792ನ್ನೂ ಪೂರೈಸಲು ಸರಾಸರಿ 5,700ಕ್ಕೂ ಹೆಚ್ಚು ಕಾರ್ಡ್‌ಗಳು, ಎಂದರೆ ಒಂಬತ್ತು ಬಾಕ್ಸ್‌ಗಿಂತ ಹೆಚ್ಚು ಬೇಕು. ಕಾರ್ಖಾನೆಯಲ್ಲಿ 132 ಕಾರ್ಡ್‌ಗಳ ದೊಡ್ಡ ಹಾಳೆಗಳನ್ನು ಮುದ್ರಿಸಿ, ಕತ್ತರಿಸಿ, ಯಂತ್ರದಿಂದ ಪ್ಯಾಕ್‌ಗೆ ತುಂಬುತ್ತಿದ್ದುದರಿಂದ ವಾಸ್ತವದಲ್ಲಿ ಕಲೆಸುವಿಕೆ ಇಷ್ಟು ಸಮನಾಗಿ ಇರುತ್ತಿರಲಿಲ್ಲ, ಹೀಗಾಗಿ ನಿಮ್ಮ ಬಾಕ್ಸ್ ನನ್ನ ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚು ಕೊಡಬಹುದು, ಕಡಿಮೆಯೂ ಕೊಡಬಹುದು. ಕೊನೆಯ ಕಾರ್ಡ್‌ಗಳ ಕಷ್ಟ ಮಾತ್ರ ತಪ್ಪುವುದಿಲ್ಲ.

ಹೊಸ ಬಾಕ್ಸ್‌ನ ಮಾತು ಇನ್ನೂ ಸ್ಪಷ್ಟವಾಗಿದೆ. ಉದಾಹರಣೆಗೆ 2024ರ ಟಾಪ್ಸ್ ‘ಸೀರೀಸ್ 1’, ಅಂದರೆ ಆ ವರ್ಷದ ಕಾರ್ಡ್‌ಗಳ ಮೊದಲ ಕಂತಿನ ಹಾಬಿ ಬಾಕ್ಸ್ ನೋಡಿ: 20 ಪ್ಯಾಕ್, ಪ್ಯಾಕ್‌ಗೆ 12 ಕಾರ್ಡ್, ಒಟ್ಟು 240. ಮೂಲ ಸೆಟ್ ಇರುವುದೇ 350 ಕಾರ್ಡ್‌ಗಳದು. ಈ 240ರಲ್ಲಿಯೂ ಒಂದಷ್ಟು ಬೇರೆ ಬಣ್ಣದ ಅಂಚಿನ ಪ್ಯಾರಲೆಲ್‌ಗಳು, ಒಂದಷ್ಟು ಮೂಲ ಸೆಟ್‌ಗೆ ಸೇರದ ಇನ್ಸರ್ಟ್‌ಗಳು ಇರುತ್ತವೆ. ಇತ್ತೀಚಿನ ಬಾಕ್ಸ್‌ಗಳಲ್ಲಿ ಒಂದೇ ಕಾರ್ಡ್ ಎರಡು ಸಲ ಬರುವುದು ಕಡಿಮೆ ಎಂಬುದು ನಿಜ, ಆದರೂ ಒಂದು ಬಾಕ್ಸ್‌ನಿಂದ ಸೆಟ್ ಆಗುವುದು ಗಣಿತದ ಪ್ರಕಾರವೇ ಸಾಧ್ಯವಿಲ್ಲ. ಹಾಬಿ ಬಾಕ್ಸ್‌ಗೆ ನೀವು ಕೊಡುವ ಹೆಚ್ಚಿನ ಹಣವೆಲ್ಲ ಅದರಲ್ಲಿ ಖಾತ್ರಿಯಾಗಿ ಇರುತ್ತದೆಂದು ಹೇಳುವ ಒಂದು ಕಾರ್ಡ್‌ಗಾಗಿ. ಅದು ಆಟಗಾರನ ಸಹಿ ಇರುವುದಾಗಿರಬಹುದು, ಇಲ್ಲವೇ ಜೆರ್ಸಿಯ ಬಟ್ಟೆಯ ಚೂರನ್ನೋ ಬ್ಯಾಟ್‌ನ ಚಕ್ಕೆಯನ್ನೋ ಕೂಡಿಸಿದ ರೆಲಿಕ್ ಆಗಿರಬಹುದು. ಯಾವ ಆಟಗಾರನದು ಎಂಬುದಕ್ಕೆ ಯಾವ ಖಾತ್ರಿಯೂ ಇಲ್ಲ. ಬಹಳ ಸಲ ಅದು ಬಾಕ್ಸ್‌ನ ಬೆಲೆಯ ಒಂದು ಸಣ್ಣ ಪಾಲಿಗೂ ಸಮನಾಗುವುದಿಲ್ಲ.

ಹಾಗಾದರೆ ಬಾಕ್ಸ್ ಕೊಳ್ಳಲೇಬಾರದೇ? ಕೊಳ್ಳಿ, ಒಂದನ್ನು ಕೊಳ್ಳಿ. ಪ್ಯಾಕ್ ಹರಿಯುವಾಗ ಮಗುವಿನ ಮುಖದಲ್ಲಿ ಕಾಣುವ ಕುತೂಹಲವನ್ನು ಬಿಡಿ ಕಾರ್ಡ್ ಕೊಂಡು ಪಡೆಯಲಾಗುವುದಿಲ್ಲ. ಅದಕ್ಕೆ ಕೊಡುವ ಹಣವನ್ನು ಜಾತ್ರೆಯ ಖರ್ಚಿನಂತೆ ಎಣಿಸಿ. ಒಂದು ಭಾನುವಾರ ಇಬ್ಬರೂ ಕುಳಿತು ಒಂದೇ ಸಲಕ್ಕೆ ಎಲ್ಲವನ್ನೂ ಹರಿಯದೆ, ದಿನಕ್ಕೆ ಮೂರು ನಾಲ್ಕು ಪ್ಯಾಕ್‌ನಂತೆ ಒಡೆಯಿರಿ. ಕಾರ್ಡ್‌ನ ಹಿಂಬದಿಯಲ್ಲಿ ಸಂಖ್ಯೆ ಇರುತ್ತದೆ. ಮಗಳ ಕೈಯಲ್ಲೇ ಸಂಖ್ಯೆಗಳ ಪಟ್ಟಿ ಬರೆಯಿಸಿ, ಸಿಕ್ಕಿದ್ದನ್ನು ಗುರುತು ಹಾಕಿಸಿ. ಪಟ್ಟಿಯಲ್ಲಿ ಉಳಿದ ಖಾಲಿ ಜಾಗಗಳನ್ನು ತುಂಬಲು ಊರಿನ ಕಾರ್ಡ್ ಅಂಗಡಿಗೂ ವಾರಾಂತ್ಯದ ಕಾರ್ಡ್ ಶೋಗಳಿಗೂ ಹೋಗಿ. ಅಲ್ಲಿ ಉದ್ದನೆಯ ರಟ್ಟಿನ ಡಬ್ಬಿಗಳಲ್ಲಿ ಸಾಮಾನ್ಯ ಆಟಗಾರರ ಕಾರ್ಡ್‌ಗಳನ್ನು ಪುಡಿಗಾಸಿಗೆ ಮಾರುತ್ತಾರೆ. ಎರಡೆರಡು ಬಂದ ಕಾರ್ಡ್‌ಗಳನ್ನು ಕೊಟ್ಟು ಬೇಕಾದವನ್ನು ತೆಗೆದುಕೊಳ್ಳುವ ವಿನಿಮಯವನ್ನೂ ಅವಳು ಅಲ್ಲಿಯೇ ಕಲಿಯುತ್ತಾಳೆ. ನನ್ನ ಮಟ್ಟಿಗೆ ಈ ಹವ್ಯಾಸದಲ್ಲಿ ಅದಕ್ಕಿಂತ ಒಳ್ಳೆಯ ಭಾಗ ಇನ್ನೊಂದಿಲ್ಲ. ಸೆಟ್ ಪೂರ್ತಿಯಾಗಿ ಕೈಗೆ ಬಂದರೆ ಸಾಕು, ಹುಡುಕುವ ಶ್ರಮ ಬೇಡ ಎಂದಾದರೆ, ಸೀರೀಸ್ ಒಂದು ಮತ್ತು ಎರಡನ್ನು ಸೇರಿಸಿ ಟಾಪ್ಸ್ ಪ್ರತಿವರ್ಷ ಪೂರ್ಣ ಸೆಟ್ ಅನ್ನೇ ಒಂದು ಬಾಕ್ಸ್‌ನಲ್ಲಿಟ್ಟು ಮಾರುತ್ತದೆ. 1987ರ ಪೂರ್ಣ ಸೆಟ್ ಕೂಡ ಸುಲಭವಾಗಿ, ಅಗ್ಗವಾಗಿ ಸಿಗುತ್ತದೆ.

ಅದು ಏಕೆ ಅಷ್ಟು ಅಗ್ಗ ಎಂಬುದರಲ್ಲಿಯೇ ನಿಮ್ಮ ಎರಡನೆಯ ಪ್ರಶ್ನೆಯ ಉತ್ತರವಿದೆ. ಹಳೆಯ ಕಾರ್ಡ್ ಎಂದರೆ ಎಲ್ಲರ ನೆನಪಿಗೂ ಬರುವುದು 1952ರ ಟಾಪ್ಸ್ ಸೆಟ್, ಅದರಲ್ಲೂ 311ನೆಯ ಸಂಖ್ಯೆಯ, ನ್ಯೂಯಾರ್ಕ್ ಯಾಂಕೀಸ್ ತಂಡದ ಆಟಗಾರ ಮಿಕಿ ಮ್ಯಾಂಟಲ್ ಅವರ ಕಾರ್ಡ್. ಆ ಸೆಟ್‌ನ 311ರಿಂದ 407ರವರೆಗಿನ ಕೊನೆಯ ಕಂತು ಅಂಗಡಿಗೆ ಬರುವ ಹೊತ್ತಿಗೆ ಬೇಸ್‌ಬಾಲ್ ಋತು ಮುಗಿಯುತ್ತ ಬಂದು ಮಕ್ಕಳ ಗಮನ ಫುಟ್‌ಬಾಲ್ ಕಡೆಗೆ ಹೊರಳಿತ್ತು. ಮಾರಾಟವಾಗದ ಕಾರ್ಡ್‌ಗಳು ಬ್ರೂಕ್ಲಿನ್‌ನ ಗೋದಾಮಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದು, 1960ರಲ್ಲಿ ಜಾಗ ತೆರವು ಮಾಡಬೇಕಾದಾಗ ಅವನ್ನು ದೋಣಿಯಲ್ಲಿ ಸಾಗಿಸಿ ಅಟ್ಲಾಂಟಿಕ್ ಸಾಗರಕ್ಕೆ ಸುರಿಸಿದ್ದಾಗಿ ಆ ಸೆಟ್ ಅನ್ನು ರೂಪಿಸಿದವರಲ್ಲಿ ಒಬ್ಬರಾದ ಸೈ ಬರ್ಗರ್ ಅವರೇ ಹೇಳಿಕೊಂಡಿದ್ದರು. ಮನೆಗಳಿಗೆ ಹೋಗಿದ್ದ ಕಾರ್ಡ್‌ಗಳೂ ಸೈಕಲ್ ಚಕ್ರಕ್ಕೆ ಸಿಕ್ಕಿಸಿಕೊಂಡು, ರಬ್ಬರ್ ಬ್ಯಾಂಡ್‌ನಲ್ಲಿ ಮೂಲೆ ಮುರಿದು, ಕೊನೆಗೆ ತಾಯಂದಿರ ಕೈಯಿಂದ ಕಸದ ಬುಟ್ಟಿಗೆ ಸೇರಿದವು. ಉಳಿದದ್ದು ಬಹಳ ಕಡಿಮೆ. ಆದ್ದರಿಂದಲೇ 1991ರಲ್ಲಿ 50,000 ಡಾಲರ್‌ಗೆ ಮಾರಾಟವಾಗಿದ್ದ ಒಂದು ಮ್ಯಾಂಟಲ್ ಕಾರ್ಡ್ 2022ರ ಆಗಸ್ಟ್‌ನಲ್ಲಿ 1 ಕೋಟಿ 26 ಲಕ್ಷ ಡಾಲರ್ ತಂದಿತು.

ಈ ಬಗೆಯ ಏರಿಕೆಯ ಸುದ್ದಿ 1980ರ ದಶಕದಲ್ಲಿಯೇ ಹಬ್ಬತೊಡಗಿತ್ತು, ಅದರ ಪರಿಣಾಮವೇ 1987ರ ಬಾಕ್ಸ್‌ಗಳು. ಟಾಪ್ಸ್‌ನ ಏಕಸ್ವಾಮ್ಯ ಮುರಿದು 1981ರಲ್ಲಿ ಫ್ಲೀರ್ ಮತ್ತು ಡಾನ್‌ರಸ್, 1988ರಲ್ಲಿ ಸ್ಕೋರ್, 1989ರಲ್ಲಿ ಅಪ್ಪರ್ ಡೆಕ್ ಬಂದವು. ಕಂಪನಿಗಳು ಮಿತಿಯಿಲ್ಲದೆ ಮುದ್ರಿಸಿದವು, ಜನರು ಮುಂದೆ ಬೆಲೆ ಬರುತ್ತದೆಂದು ಬಾಕ್ಸ್‌ಗಳನ್ನು ಒಡೆಯದೆ ನೆಲಮಾಳಿಗೆಗಳಲ್ಲಿ ಪೇರಿಸಿಟ್ಟರು. ಯಾರೂ ಎಸೆಯಲಿಲ್ಲ, ಯಾವುದೂ ಹಾಳಾಗಲಿಲ್ಲ. ಇಂದು ಆ ಕಾಲವನ್ನು ಸಂಗ್ರಾಹಕರು ಜಂಕ್ ವ್ಯಾಕ್ಸ್ ಯುಗ, ಅಂದರೆ ಬೆಲೆಯಿಲ್ಲದ ಮೇಣದ ಪ್ಯಾಕ್‌ಗಳ ಯುಗ ಎಂದು ಕರೆಯುತ್ತಾರೆ. ಆಗ ತಂದೆಯಂದಿರು ಮಕ್ಕಳ ಕಾಲೇಜಿಗೆಂದು ಕೂಡಿಟ್ಟ ಬಾಕ್ಸ್‌ಗಳನ್ನು ಈಗ ಆ ಮಕ್ಕಳು ಹತ್ತಾರು ವರ್ಷಗಳ ಹಣದುಬ್ಬರಕ್ಕೂ ಸಾಲದ ಬೆಲೆಗೆ ಮಾರುವುದನ್ನು ನಾನು ಪ್ರತಿ ಕಾರ್ಡ್ ಶೋನಲ್ಲಿ ನೋಡುತ್ತೇನೆ, ಮತ್ತು ಪ್ರತಿ ಸಲವೂ ಅವರ ತಂದೆಯ ಪ್ರೀತಿಯನ್ನು ನೆನೆದು ಮನಸ್ಸು ಭಾರವಾಗುತ್ತದೆ. ಹಳೆಯ ಮುಚ್ಚಿದ ಬಾಕ್ಸ್‌ಗಳಲ್ಲಿ ಬೆಲೆ ಏರಿದವು ಇವೆ. ಯಾಂಕೀಸ್ ಆಟಗಾರ ಡೆರೆಕ್ ಜೀಟರ್ ಅವರ ಮೊದಲ ಕಾರ್ಡ್‌ಗಳಲ್ಲಿ ಒಂದಿರುವ, 1993ರ ಎಸ್‌ಪಿ ಎಂಬ ಸೆಟ್‌ನ ಬಾಕ್ಸ್ ಅಂಥದ್ದು. ಆದರೆ 1993ರಲ್ಲಿ ಜೀಟರ್ ಇಷ್ಟು ದೊಡ್ಡ ಆಟಗಾರನಾಗುತ್ತಾರೆಂದು ಖಚಿತವಾಗಿ ಹೇಳಬಲ್ಲವರು ಯಾರೂ ಇರಲಿಲ್ಲ. ಇಂದಿನ ಬಾಕ್ಸ್ ಇಡುವವರು ಸಾವಿರಾರು ಮಂದಿ ಇದ್ದಾರೆ. ಮಗಳ ಓದಿಗಾಗಿ ಇಡುವ ಹಣವನ್ನು ಅದಕ್ಕೆಂದೇ ಇರುವ ಉಳಿತಾಯದಲ್ಲಿ ಇಡಿ. ಕಾರ್ಡ್‌ಗೆ ಕೈಖರ್ಚಿನ ಹಣ ಮಾತ್ರ ಸಾಕು.

ಪ್ರಶ್ನೆ: ನಾನು ಡಲ್ಲಾಸ್ ಬಳಿ ಇದ್ದೇನೆ. 1980ರ ದಶಕದ ಸೀಲ್ ಒಡೆಯದ ಬಾಕ್ಸ್‌ಗಳನ್ನು ಆನ್‌ಲೈನ್‌ನಲ್ಲಿ ನೋಡುತ್ತಿದ್ದೇನೆ. ಪ್ಲಾಸ್ಟಿಕ್ ಹೊದಿಕೆ ಬಿಗಿಯಾಗಿದ್ದರೆ ಅಸಲಿ ಎಂದು ನಂಬಬಹುದೇ?

ಉತ್ತರ: ನಂಬಬಾರದು. ನೀವು ಅಸಲಿತನದ ಗುರುತೆಂದು ಭಾವಿಸಿರುವ ಆ ಹೊದಿಕೆ 1980ರ ದಶಕದ ನಡುವಿನ ಟಾಪ್ಸ್ ಬಾಕ್ಸ್‌ಗಳಿಗೆ ಕಾರ್ಖಾನೆಯಲ್ಲಿ ಹಾಕುತ್ತಲೇ ಇರಲಿಲ್ಲ. ರಟ್ಟಿನ ಬಾಕ್ಸ್‌ನ ಮುಚ್ಚಳವನ್ನು ಎತ್ತಿ ಅಂಗಡಿಯ ಗಲ್ಲಾ ಪಕ್ಕದಲ್ಲಿ ಇಡುವಂತೆ ಅವು ಬರುತ್ತಿದ್ದವು. ಆದ್ದರಿಂದ ಅಂಥ ಬಾಕ್ಸ್‌ನ ಮೇಲೆ ಪ್ಲಾಸ್ಟಿಕ್ ಇದೆ ಎಂದರೆ ನಂತರ ಯಾರೋ ಹಾಕಿದ್ದಾರೆ ಎಂದೇ ಅರ್ಥ. ಹಾಕಿದವರು ಯಾರು ಎಂಬುದಷ್ಟೇ ಪ್ರಶ್ನೆ. ಒಡೆಯದ ಬಾಕ್ಸ್‌ಗಳನ್ನು ಪರಿಶೀಲಿಸಿ ತಮ್ಮ ಹೆಸರು ಮುದ್ರಿಸಿದ ಹೊದಿಕೆ ಹಾಕುವ ಸಂಸ್ಥೆಗಳಿವೆ. ಹೆಸರಿಲ್ಲದ ಬರಿಯ ಪ್ಲಾಸ್ಟಿಕ್ ಅನ್ನು ಬಿಸಿಗಾಳಿಯ ಸಣ್ಣ ಯಂತ್ರವಿದ್ದವರು ಯಾರು ಬೇಕಾದರೂ ಹಾಕಬಹುದು.

ಮೇಣದ ಪ್ಯಾಕ್‌ಗಳ ತೊಂದರೆ ಅವುಗಳ ಅಂಟಿನಲ್ಲೇ ಇದೆ. ಹಿಂಬದಿಯ ಮಡಿಕೆಯನ್ನು ಶಾಖದಿಂದ ಮೇಣ ಕರಗಿಸಿ ಅಂಟಿಸಿರುತ್ತಾರೆ. ಅದನ್ನು ಜಾಗರೂಕತೆಯಿಂದ ಬಿಡಿಸಿ, ಒಳ್ಳೆಯ ಕಾರ್ಡ್ ತೆಗೆದು, ಸಾಮಾನ್ಯ ಕಾರ್ಡ್ ಇಟ್ಟು, ಮತ್ತೆ ಬಿಸಿ ತಾಗಿಸಿದರೆ ಬರಿಗಣ್ಣಿಗೆ ಗೊತ್ತಾಗುವುದು ಕಷ್ಟ. ಮಡಿಕೆಯ ಬಳಿ ಮೇಣ ಎರಡು ಗೆರೆಯಾಗಿ ಹರಡಿರುವುದು, ಕಾಗದ ಅತಿಯಾಗಿ ಸುಕ್ಕುಗಟ್ಟಿರುವುದು, ಮಡಿಕೆಗಳು ಒಂದು ಪ್ಯಾಕ್‌ನಿಂದ ಇನ್ನೊಂದಕ್ಕೆ ಬೇರೆಯಾಗಿರುವುದು ಸಂಶಯದ ಗುರುತುಗಳು. ಒಡೆದಾಗ ಅಂಟಿನ ಭಾಗಕ್ಕೆ ತಾಗಿದ ಕಾರ್ಡ್‌ನ ಮೇಲೆ ಮೇಣದ ಕಲೆ ಇರುವುದು ದೋಷವಲ್ಲ, ಅದು ಸಹಜ.

ನಾನು ಇದನ್ನು ಹಣ ಕೊಟ್ಟು ಕಲಿತೆ. ಸಂಗ್ರಹ ಆರಂಭಿಸಿದ ದಿನಗಳಲ್ಲಿ ಒಂದು ಹೋಟೆಲ್‌ನ ಸಭಾಂಗಣದಲ್ಲಿ ನಡೆದ ಕಾರ್ಡ್ ಶೋನಲ್ಲಿ 1984ರ ಡಾನ್‌ರಸ್ ಬಾಕ್ಸ್ ಒಂದನ್ನು ಕೊಂಡೆ. ಡಾನ್ ಮ್ಯಾಟಿಂಗ್ಲಿ ಅವರ ಮೊದಲ ಕಾರ್ಡ್ ಇರುವ ಸೆಟ್ ಅದು. ಮನೆಯಲ್ಲಿ ಕೊನೆಯ ಪ್ಯಾಕ್‌ವರೆಗೂ ಒಡೆದೆ. ಮ್ಯಾಟಿಂಗ್ಲಿ ಒಬ್ಬರೇ ಸಿಗದಿದ್ದರೆ ಅದೃಷ್ಟ ಕೈಕೊಟ್ಟಿತು ಎನ್ನಬಹುದಿತ್ತು, ಏಕೆಂದರೆ ಒಂದು ಬಾಕ್ಸ್‌ನಲ್ಲಿ ಒಬ್ಬ ನಿರ್ದಿಷ್ಟ ಆಟಗಾರ ಬಾರದಿರುವುದು ವಿಶೇಷವೇನಲ್ಲ. ಆದರೆ ಡ್ಯಾರಿಲ್ ಸ್ಟ್ರಾಬೆರಿ ಇರಲಿಲ್ಲ, ಜೋ ಕಾರ್ಟರ್ ಇರಲಿಲ್ಲ, ಕಾಲ್ ರಿಪ್ಕೆನ್ ಇರಲಿಲ್ಲ. ಹೆಸರಾಂತ ಆಟಗಾರರಲ್ಲಿ ಒಬ್ಬರೂ ಇಲ್ಲದೆ ಉಳಿದವರೆಲ್ಲ ಮೂರು ಮೂರು ಸಲ ಬಂದಿದ್ದರು. ಮಾರಿದವರ ಕೈಗೂ ಅದು ಹಾಗೆಯೇ ಬಂದಿತ್ತೋ ಏನೋ, ನಾನು ಹೇಳಲಾರೆ. ನನ್ನ ತಪ್ಪೆಂದರೆ ಬಾಕ್ಸ್ ಎಲ್ಲಿಂದ ಬಂತು ಎಂದು ಒಂದು ಮಾತೂ ಕೇಳದೆ ಹಣ ಎಣಿಸಿದ್ದು.

ಕೇಳಬೇಕಾದ ಮೊದಲ ಪ್ರಶ್ನೆ ಅದೇ. ಬಾಕ್ಸ್‌ಗಳು ಕಾರ್ಖಾನೆಯಿಂದ ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ ಬರುತ್ತವೆ. ಅದನ್ನು ಕೇಸ್ ಎನ್ನುತ್ತಾರೆ. ಒಡೆಯದ ಕೇಸ್‌ನಿಂದ ನೇರವಾಗಿ ತೆಗೆದ ಬಾಕ್ಸ್ ಎಂದು ಪರಿಶೀಲಕರೇ ನಮೂದಿಸಿದ ಬಾಕ್ಸ್‌ಗಳಿಗೆ ಹೆಚ್ಚು ಬೆಲೆ ಇರುವುದು ಈ ಕಾರಣಕ್ಕೆ, ಮತ್ತು ಆ ಹೆಚ್ಚಿನ ಬೆಲೆ ಕೊಡಲು ಯೋಗ್ಯ. ಹಾಗೆಂದು ಪರಿಶೀಲನೆಯೂ ಕೊನೆಯ ಮಾತಲ್ಲ. 2022ರ ಜನವರಿಯಲ್ಲಿ ಯೂಟ್ಯೂಬ್‌ನಿಂದ ಹೆಸರಾದ ಲೋಗನ್ ಪಾಲ್ ಅವರು 35 ಲಕ್ಷ ಡಾಲರ್ ಕೊಟ್ಟು ಕೊಂಡಿದ್ದ, ಪರಿಶೀಲನೆಯಲ್ಲಿ ಅಸಲಿ ಎನಿಸಿಕೊಂಡಿದ್ದ ಪೋಕೆಮಾನ್ ಕಾರ್ಡ್‌ಗಳ ಕೇಸ್ ಅನ್ನು ಒಡೆದಾಗ ಒಳಗಿದ್ದವು ಜಿ.ಐ. ಜೋ ಕಾರ್ಡ್‌ಗಳು. ಬೇಸ್‌ಬಾಲ್ ಅಲ್ಲದಿದ್ದರೂ ಹಳೆಯ ಬಾಕ್ಸ್ ಕೊಳ್ಳುವ ಎಲ್ಲರಿಗೂ ಸಂಬಂಧಿಸಿದ ಸಂಗತಿ ಅದು. ದೊಡ್ಡ ಮೊತ್ತವನ್ನು ಒಂದೇ ಬಾಕ್ಸ್‌ನ ಮೇಲೆ ಇಡಬೇಡಿ.

ಇನ್ನೂ ಒಂದು ಮಾತು. 2000ದ ಇಸವಿಯ ನಂತರದ ಬಾಕ್ಸ್‌ಗಳನ್ನು ಕೊಳ್ಳುವುದಾದರೆ, ಸಹಿಯ ಬದಲು ರಿಡೆಂಪ್ಷನ್ ಕಾರ್ಡ್ ಇಟ್ಟಿರುವ ಸಾಧ್ಯತೆ ಇರುತ್ತದೆ. ಆಟಗಾರ ಸಕಾಲದಲ್ಲಿ ಸಹಿ ಮಾಡಿ ಕಳುಹಿಸದಿದ್ದಾಗ ಕಂಪನಿ ಅದರ ಬದಲಿಗೆ ಹಾಕುವ ಚೀಟಿ ಅದು. ಅದಕ್ಕೆ ಕೊನೆಯ ದಿನಾಂಕ ಇರುತ್ತದೆ. ಹತ್ತು ವರ್ಷ ಮುಚ್ಚಿಟ್ಟ ಬಾಕ್ಸ್‌ನಿಂದ ಅವಧಿ ಮುಗಿದ ಚೀಟಿ ಬಂದರೆ ನಿಮ್ಮ ಕೈಯಲ್ಲಿ ಉಳಿಯುವುದು ಕಾಗದ ಮಾತ್ರ.

ಪ್ರಶ್ನೆ: ಹದಿನಾಲ್ಕು ವರ್ಷದ ಮಗ ರಾತ್ರಿ ಹೊತ್ತು ಫೋನ್‌ನಲ್ಲಿ ಬಾಕ್ಸ್ ಒಡೆಯುವ ಲೈವ್ ನೋಡುತ್ತಾನೆ. ಹಣ ಕೊಟ್ಟು ಒಂದು ತಂಡವನ್ನು ಆರಿಸಿಕೊಂಡರೆ ಆ ತಂಡದ ಕಾರ್ಡ್‌ಗಳೆಲ್ಲ ಅವನವಂತೆ. ಹುಟ್ಟುಹಬ್ಬದ ಹಣವೆಲ್ಲ ಅದಕ್ಕೇ ಹೋಯಿತು. ಕೇಳಿದರೆ ಯಾವನೋ ಹುಡುಗನಿಗೆ ಹತ್ತು ಲಕ್ಷ ಡಾಲರ್ ಕಾರ್ಡ್ ಸಿಕ್ಕಿತು ಎನ್ನುತ್ತಾನೆ. ಅವನಿಗೆ ಹೇಗೆ ತಿಳಿಹೇಳಲಿ? (ಕ್ಯಾಲಿಫೋರ್ನಿಯದ ಓದುಗರು)

ಉತ್ತರ: ಮಗ ಹೇಳಿದ್ದು ಸುಳ್ಳಲ್ಲ, ಅಮ್ಮ, ಮಾತು ಅಲ್ಲಿಂದಲೇ ಆರಂಭಿಸಿದರೆ ಅವನು ಕೇಳಿಸಿಕೊಳ್ಳುತ್ತಾನೆ. ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಪಿಚರ್ (ಚೆಂಡೆಸೆಯುವ ಆಟಗಾರ) ಪಾಲ್ ಸ್ಕೀನ್ಸ್ ತಮ್ಮ ಮೊದಲ ಪಂದ್ಯದಲ್ಲಿ ತೊಟ್ಟ ಜೆರ್ಸಿಯ ಪ್ಯಾಚ್ ಅನ್ನು ಕೂಡಿಸಿ, ಸಹಿ ಮಾಡಿಸಿದ ಒಂದೇ ಒಂದು ಕಾರ್ಡ್ ಅನ್ನು 2024ರ ಟಾಪ್ಸ್ ಕ್ರೋಮ್ ಅಪ್‌ಡೇಟ್ ಎಂಬ ಸೆಟ್‌ನ ಪ್ಯಾಕ್‌ಗಳಲ್ಲಿ ಇಟ್ಟಿದ್ದರು. ಲಾಸ್ ಏಂಜಲೀಸ್ ಪ್ರದೇಶದ ಹನ್ನೊಂದು ವರ್ಷದ ಬಾಲಕನಿಗೆ ಅದು ಸಿಕ್ಕಿತು. ಮೂವತ್ತು ವರ್ಷಗಳ ಸೀಸನ್ ಟಿಕೆಟ್ ಕೊಡುತ್ತೇವೆ, ಕಾರ್ಡ್ ಕೊಡಿ ಎಂದು ಪೈರೇಟ್ಸ್ ತಂಡ ಕೇಳಿತ್ತು. ಕುಟುಂಬ ಹರಾಜಿಗೆ ಇಟ್ಟಿತು. 2025ರ ಮಾರ್ಚ್‌ನಲ್ಲಿ 11 ಲಕ್ಷ ಡಾಲರ್‌ಗೆ ಮೇಲ್ಪಟ್ಟು ಬಂತು. ಮಗನಿಗೆ ಇಷ್ಟು ಹೇಳಿದ ಮೇಲೆ ಒಂದೇ ಪ್ರಶ್ನೆ ಕೇಳಿ: ದೇಶದಾದ್ಯಂತ ಅದೇ ಬಾಕ್ಸ್ ಒಡೆದ ಉಳಿದವರೆಲ್ಲರ ಸುದ್ದಿ ಎಲ್ಲಿ ಬಂತು? ಯಾವ ವಿಶೇಷ ಕಾರ್ಡ್ ಎಷ್ಟು ಪ್ಯಾಕ್‌ಗೆ ಒಂದು ಬರುತ್ತದೆಂದು ಕಂಪನಿಯೇ ಪ್ರಕಟಿಸುತ್ತದೆ. ಅದನ್ನು ಅವನ ಕೈಯಲ್ಲೇ ಓದಿಸಿ, ಒಂದು ಪ್ಯಾಕ್‌ನ ಬೆಲೆಯಿಂದ ಗುಣಿಸಲು ಹೇಳಿ. ಹದಿನಾಲ್ಕರ ಹುಡುಗನಿಗೆ ಈ ಲೆಕ್ಕ ಬರುತ್ತದೆ, ನಿಮ್ಮ ಬುದ್ಧಿವಾದಕ್ಕಿಂತ ಹೆಚ್ಚು ನಾಟುತ್ತದೆ.

ಬ್ರೇಕ್ ಎಂದು ಕರೆಯುವ ಈ ಸಾಮೂಹಿಕ ಒಡೆಯುವಿಕೆಯ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯವಿದೆ. ದೊಡ್ಡವರು ತಮ್ಮ ಹಣದಲ್ಲಿ, ಬಾಕ್ಸ್‌ನ ಪೂರ್ಣ ಬೆಲೆ ಕೊಡಲಾಗದೆ ತಮ್ಮ ಮೆಚ್ಚಿನ ತಂಡದ ಕಾರ್ಡ್‌ಗಳಿಗಾಗಿ ಪಾಲು ಹಾಕುವುದು ಅರ್ಥವಾಗುವ ವಿಚಾರ. ಆದರೆ ಎಲ್ಲ ಪಾಲುಗಳ ಮೊತ್ತ ಬಾಕ್ಸ್‌ನ ಬೆಲೆಗಿಂತ ಹೆಚ್ಚಿರುತ್ತದೆ, ಇಲ್ಲದಿದ್ದರೆ ಒಡೆಯುವವರಿಗೆ ಲಾಭವೇ ಇರುವುದಿಲ್ಲ. ಒಳ್ಳೆಯ ಹೊಸ ಆಟಗಾರರಿರುವ ತಂಡದ ಪಾಲು ದುಬಾರಿ; ಅಗ್ಗದ ತಂಡ ಆರಿಸಿದವರಿಗೆ ಒಂದೂ ಒಳ್ಳೆಯ ಕಾರ್ಡ್ ಬಾರದಿರಬಹುದು. ರಾತ್ರಿಯ ಹೊತ್ತು, ಗಡಿಯಾರ ಓಡುತ್ತಿರುವಾಗ, ಇನ್ನು ಎರಡೇ ಪಾಲು ಉಳಿದಿವೆ ಎನ್ನುವ ದನಿ ಕೇಳುತ್ತಿರುವಾಗ ಮಕ್ಕಳು ತೀರ್ಮಾನ ತೆಗೆದುಕೊಳ್ಳುವುದು ಜೂಜಿನ ಮನೆಯ ಬಾಗಿಲಲ್ಲಿ ನಿಂತಂತೆಯೇ. ಹಣ ಕಟ್ಟುವ ಆ್ಯಪ್‌ನಲ್ಲಿ ನಿಮ್ಮ ಬ್ಯಾಂಕ್ ಕಾರ್ಡ್‌ನ ವಿವರ ಇದ್ದರೆ ಇಂದೇ ತೆಗೆಯಿರಿ. ನೋಡುವುದನ್ನು ನಿಲ್ಲಿಸಬೇಡಿ, ಕೊಳ್ಳುವುದನ್ನು ನಿಲ್ಲಿಸಿ. ಹುಟ್ಟುಹಬ್ಬದ ಹಣಕ್ಕೆ ಅವನಿಗೆ ಇಷ್ಟವಾದ ಒಬ್ಬ ಆಟಗಾರನ ಕಾರ್ಡ್ ಅನ್ನೇ ಹೆಸರು ಹಿಡಿದು, ಬೆಲೆ ಹೋಲಿಸಿ ಕೊಳ್ಳಲು ಜೊತೆಗೂಡಿ ಅಂಗಡಿಗೆ ಹೋಗಿ. ಏನು ಬರುತ್ತದೆಂದು ಗೊತ್ತಿದ್ದು ಕೊಂಡ ಮೊದಲ ಕಾರ್ಡ್‌ನಿಂದಲೇ ಅವನ ಸಂಗ್ರಹ ಆರಂಭವಾಗುತ್ತದೆ.

ಪ್ರಶ್ನೆ: ಅಮೆರಿಕದಿಂದ ವಾಪಸು ಬಂದು ಉಡುಪಿಯಲ್ಲಿ ನೆಲೆಸಿದ್ದೇವೆ. ನಾಲ್ಕು ಒಡೆಯದ ಬಾಕ್ಸ್‌ಗಳನ್ನು ತಂದಿದ್ದೇನೆ, ಎರಡು 1990ರ ದಶಕದವು. ಮಳೆಗಾಲದಲ್ಲಿ ಹೇಗೆ ಇಡಲಿ?

ಉತ್ತರ: 1990ರ ದಶಕದವನ್ನು ಒಡೆದುಬಿಡಿ ಎಂದೇ ನನ್ನ ಸಲಹೆ. ಆ ಕಾಲದ ಹೊಳಪು ಲೇಪನದ ಕಾರ್ಡ್‌ಗಳು ತೇವ ಹೀರಿ ಒಂದಕ್ಕೊಂದು ಅಂಟಿ ಇಟ್ಟಿಗೆಯಂತಾಗುತ್ತವೆ. ಒಣ ಹವೆಯ ಊರುಗಳಲ್ಲೇ ಹಾಗಾಗಿದೆ, ಕರಾವಳಿಯ ಆಷಾಢದಲ್ಲಿ ಕೇಳಬೇಕೇ. ಅಂಟಿದ್ದರೆ ಬಲವಂತವಾಗಿ ಎಳೆಯಬೇಡಿ; ಕಟ್ಟನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಬಾಗಿಸುತ್ತ ಒಂದೊಂದಾಗಿ ಬಿಡಿಸಿ. ಬಿಡಿ ಕಾರ್ಡ್‌ಗಳನ್ನು ಕಾರ್ಡ್ ಅಳತೆಯ ತೆಳು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬೆಲೆಯುಳ್ಳವನ್ನು ಗಟ್ಟಿ ಹೊದಿಕೆಯಲ್ಲಿ ಇಡಿ. ಹೊಸ ಎರಡು ಬಾಕ್ಸ್‌ಗಳನ್ನು ಒಡೆಯದೆ ಇಡುವುದಾದರೆ ರಬ್ಬರ್ ಅಂಚಿನ, ಗಾಳಿ ಆಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟು, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಪೊಟ್ಟಣ ಬದಲಿಸಿ. ಹೊರಗೋಡೆಗೆ ತಾಗುವ ಕಪಾಟು ಬೇಡ, ನೆಲದ ಮೇಲೆ ಬೇಡ, ಹೆಂಚಿನ ಕೆಳಗಿನ ಅಟ್ಟವಂತೂ ಬೇಡವೇ ಬೇಡ. ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸಿದರೆ ಕೆಳಗಿನ ಬಾಕ್ಸ್‌ನ ಮೂಲೆಗಳು ಒತ್ತಿಹೋಗುತ್ತವೆ, ಬೀರುವಿನಲ್ಲಿ ಪಕ್ಕಪಕ್ಕದಲ್ಲಿ ಇಡಿ.